ಬೆಳಕಿನ ಕಸುಬು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಬಿ.ಎ. ಅಂತಿಮ ವರ್ಷದಲ್ಲಿರುವವರಿಗೆ ಪರೀಕ್ಷೆಯ ಪ್ರಶ್ನೆಗಳಿಗಿಂತ ಹೆಚ್ಚು ಭಯವನ್ನುಂಟುಮಾಡುವ ಪ್ರಶ್ನೆ ಒಂದಿದೆ. ‘ಮುಂದೇನು?’ ಎಂಬುದೇ ಆ ಪ್ರಶ್ನೆ. ಸಂತೆಯಲ್ಲಿ ಸಿಕ್ಕ ಬಂಧುಗಳೂ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರೂ ಕೇಳುತ್ತಾರೆ. ಈ ಪ್ರಶ್ನೆಗೆ ಸಮಾಜವು ಒಪ್ಪಿಕೊಂಡ ಉತ್ತರಗಳು ಕೆಲವಿವೆ. ಬಿ.ಎಡ್. ಎಂದರೆ ತಲೆಯಾಡಿಸುತ್ತಾರೆ, ಎಫ್.ಡಿ.ಎ. ಪರೀಕ್ಷೆಗೆ ಕೂಡುತ್ತೇನೆಂದರೆ ಸಂತೋಷಪಡುತ್ತಾರೆ, ಕೆ.ಎ.ಎಸ್. ಎಂದುಬಿಟ್ಟರೆ ಚಹವನ್ನೇ ತರಿಸುತ್ತಾರೆ. ಆದರೆ ನಾನು ‘ವಾಣಿಜ್ಯ ಛಾಯಾಗ್ರಹಣವನ್ನು ಕಲಿಯಬೇಕೆಂದಿದ್ದೇನೆ’ ಎಂದಾಗ ಮಾತ್ರ ಮಾತು ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ‘ಲಗ್ನದಾಗ ಫೋಟೋ ಹೊಡ್ಯಾಕ ಬಿ.ಎ. ಯಾಕ ಬೇಕಿತ್ತವಾ?’ ಎಂದು ಕನಿಕರದಿಂದ ಕೇಳುತ್ತಾರೆ.

ಅವರ ಕನಿಕರ ಸುಳ್ಳಲ್ಲ. ಇಳಕಲ್ಲಿನ ಸೀರೆ ನೇಯುವ ಮನೆತನ ನಮ್ಮದು. ಮನೆಯಲ್ಲಿರುವುದು ಎರಡು ಕೈಮಗ್ಗ. ಅಪ್ಪ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅವ್ವನಿಗೆ ರುಜು ಮಾಡಲು ಬರುತ್ತದೆ. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂಥ ಮನೆಯಲ್ಲಿ ಪದವಿಯೆಂಬುದು ಒಬ್ಬಳ ಸ್ವತ್ತಲ್ಲ. ನಾಲ್ವರು ಸೇರಿ ಕೂಡಿಟ್ಟ ಗಂಟು. ಅದನ್ನು ಎಲ್ಲಿ ಬಿಚ್ಚಬೇಕೆಂಬುದನ್ನು ನಾನೊಬ್ಬಳೇ ನಿರ್ಧರಿಸುವಂತಿಲ್ಲ. ಆದುದರಿಂದ ಕಳೆದ ಒಂದು ವರ್ಷದಿಂದ ಈ ವಿದ್ಯೆಯ ಬಗ್ಗೆ ಕೇಳಿ, ಓದಿ, ಅಲ್ಪಸ್ವಲ್ಪ ಮಾಡಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ. ಅಪ್ಪನ ಮುಂದೆ ವಾದಿಸಿ ವಾದಿಸಿ ವಿಷಯವು ನನಗೇ ಸ್ವಲ್ಪ ಸ್ಪಷ್ಟವಾಗಿದೆ.

ಮೊದಲು ವಾಣಿಜ್ಯ ಛಾಯಾಗ್ರಹಣವೆಂದರೇನು ಎಂಬುದನ್ನು ನೋಡೋಣ. ಪತ್ರಿಕೆಯ ಛಾಯಾಗ್ರಾಹಕನು ನಡೆದುದನ್ನು ಹಿಡಿಯುತ್ತಾನೆ. ಕಲಾವಿದನು ತನಗೆ ಕಂಡುದನ್ನು ಹಿಡಿಯುತ್ತಾನೆ. ಮದುವೆಯ ಛಾಯಾಗ್ರಾಹಕನು ಮನೆಯವರ ನೆನಪಿಗಾಗಿ ಚಿತ್ರ ತೆಗೆಯುತ್ತಾನೆ. ವಾಣಿಜ್ಯ ಛಾಯಾಗ್ರಾಹಕನಾದರೋ ಒಂದು ವ್ಯವಹಾರಕ್ಕೆ ಬೇಕಾದ ಚಿತ್ರವನ್ನು ತೆಗೆದುಕೊಡುವವನು. ಸೋಪಿನ ಪೊಟ್ಟಣ, ಔಷಧದ ಸೀಸೆ, ಹೋಟೆಲಿನ ಕೋಣೆ, ಕಾರಖಾನೆಯ ಯಂತ್ರ, ಆಭರಣ, ಬಟ್ಟೆ, ತಿಂಡಿ ಇವುಗಳನ್ನು ನೋಡದೆಯೇ ಕೊಳ್ಳುವ ಜನರ ಮುಂದೆ ನಿಲ್ಲಿಸುವುದು ಅವನ ಕೆಲಸ. ‘ನೋಡದೆಯೇ ಕೊಳ್ಳುವ’ ಎಂಬ ಮಾತಿನಲ್ಲಿಯೇ ಈ ಕಸುಬಿನ ಸತ್ತ್ವವೂ ಇದೆ, ಧರ್ಮವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಈ ವಿದ್ಯೆಯು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಫ್ರಾನ್ಸಿನಲ್ಲಿ ದಗೇರನ ಛಾಯಾಚಿತ್ರ ವಿಧಾನವು ಜಗತ್ತಿಗೆ ಪ್ರಕಟವಾದುದು ೧೮೩೯ರಲ್ಲಿ. ಅನಂತರ ಹದಿನಾರೇ ವರ್ಷಕ್ಕೆ, ಅಂದರೆ ೧೮೫೫ರಲ್ಲಿ, ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆದನು. ಅವನ ಚಿತ್ರಗಳೂ, ಬೇಲೂರು ಹಳೇಬೀಡುಗಳಲ್ಲಿ ಕೆಲಸ ಮಾಡಿದ ಪಿಗೌ, ನೀಲ್ ಎಂಬುವರ ಚಿತ್ರಗಳೂ ಸೇರಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಒಂದು ದೊಡ್ಡ ಗ್ರಂಥವು ೧೮೬೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮ ಊರಿನ ಹುಡುಗರು ಐಹೊಳೆಯ ದುರ್ಗಾ ಗುಡಿಯ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವಾಗ, ನೂರೆಪ್ಪತ್ತು ವರ್ಷಗಳ ಹಿಂದೆ ಅದೇ ಊರಿಗೆ ಒಬ್ಬನು ದೊಡ್ಡ ಪೆಟ್ಟಿಗೆ ಹೊತ್ತು ತಂದಿದ್ದನೆಂಬುದು ಯಾರಿಗೂ ನೆನಪಾಗುವುದಿಲ್ಲ.

ಛಾಯಾಗ್ರಹಣವನ್ನು ದೊಡ್ಡ ಉದ್ಯೋಗವನ್ನಾಗಿ ನಡೆಸಿದ ಭಾರತೀಯರಲ್ಲಿ ರಾಜಾ ದೀನದಯಾಳರ ಹೆಸರನ್ನು ಮೊದಲು ಹೇಳಬೇಕು. ೧೮೪೪ರಲ್ಲಿ ಹುಟ್ಟಿದ ಇವರು ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಸರಕಾರಿ ನೌಕರಿಯಲ್ಲಿದ್ದವರು. ಆ ನೌಕರಿಯನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಸಿಕಂದರಾಬಾದಿನಲ್ಲಿಯೂ ಮುಂಬಯಿಯಲ್ಲಿಯೂ ಅವರ ಸ್ಟುಡಿಯೋಗಳು ನಡೆದುವು. ನಿಜಾಮರು ಅವರಿಗೆ ‘ರಾಜಾ’ ಪದವಿಯಿತ್ತರು. ಸರಕಾರಿ ನೌಕರಿ ಬಿಟ್ಟವರ ಉದಾಹರಣೆಯನ್ನು ಅಪ್ಪನ ಮುಂದೆ ಹೇಳಬಾರದಿತ್ತೇನೋ! ‘ಅವರಿಗೆ ನೌಕರಿ ಸಿಕ್ಕಿತ್ತು, ಬಿಟ್ಟರು. ನಿನಗ ಇನ್ನೂ ಸಿಕ್ಕಿಲ್ಲವಾ’ ಎಂದುಬಿಟ್ಟರು. ತರ್ಕಶಾಸ್ತ್ರ ಓದದವರ ತರ್ಕವನ್ನು ಗೆಲ್ಲುವುದು ಕಠಿಣ.

ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಒಳ್ಳೆಯ ಪರಂಪರೆಯಿದೆ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಸಾಮಾನ್ಯ ಜನರ ದಿನನಿತ್ಯದ ಬಾಳನ್ನು ಚಿತ್ರಿಸಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಹೆಸರಾದವರು. ೧೯೭೭ರಲ್ಲಿ ಪದ್ಮಶ್ರೀ ಪಡೆದರು. ಮೈಸೂರಿನವರೇ ಆದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದುದು ೧೯೪೬ರಲ್ಲಿ. ೧೯೫೯ರ ‘ಕಾಗಜ್ ಕೇ ಫೂಲ್’ ಚಿತ್ರಕ್ಕೆ ಬೆಳಕು ಹಿಡಿದವರು ಇವರೇ. ೨೦೦೮ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯು ಮೂರ್ತಿಯವರಿಗೆ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಇವರು. ಗೋವಿಂದ ನಿಹಲಾನಿಯವರೂ ಬೆಂಗಳೂರಿನ ಅದೇ ಸಂಸ್ಥೆಯ ವಿದ್ಯಾರ್ಥಿಯಾಗಿದ್ದರು. ಸರಕಾರಿ ಸಂಸ್ಥೆಯೊಂದರಲ್ಲಿ ಕಲಿತ ಮಧ್ಯಮವರ್ಗದ ಹುಡುಗರು ಇಷ್ಟು ದೂರ ನಡೆದರೆಂಬುದು ಸರಕಾರಿ ಕಾಲೇಜಿನ ನಮ್ಮಂಥವರಿಗೆ ಧೈರ್ಯ ಕೊಡುವ ಮಾತು.

‘ಗುಂಡಿ ಒತ್ತಿದರ ಚಿತ್ರ ಬರತೈತಿ, ಅದರಾಗ ಕಲಿಯೂದೇನು?’ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ನಾನು ಸೀರೆಯನ್ನೇ ಮುಂದಿಡಬೇಕು.

ಇಳಕಲ್ಲ ಸೀರೆಯ ಸೆರಗು ಕೆಂಪು ರೇಷ್ಮೆಯದು. ಅದರ ಮೇಲೆ ಬಿಳಿಯ ಗೋಪುರದ ಸಾಲು. ಇದಕ್ಕೆ ಟೋಪ್ ತೆನೆ ಎನ್ನುತ್ತೇವೆ. ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವುದು ನಮ್ಮವರ ವಿಶೇಷ. ಸೀರೆಯೊಂದು ಮಗ್ಗದಿಂದ ಇಳಿಯಲು ನಮ್ಮ ಮನೆಯಲ್ಲಿ ನಾಲ್ಕು ದಿನ ಹಿಡಿಯುತ್ತದೆ. ಈಗೀಗ ಸೀರೆಗಳು ಅಂಗಡಿಯಲ್ಲಿ ಮಾರಾಟವಾಗುವುದಕ್ಕಿಂತ ಮೊಬೈಲಿನ ಚಿತ್ರದ ಮೇಲೆ ಹೆಚ್ಚು ಮಾರಾಟವಾಗುತ್ತವೆ. ಹೋದ ವರ್ಷ ಒಬ್ಬ ವ್ಯಾಪಾರಿಗಳು ನಮ್ಮ ಮೂರು ಸೀರೆಗಳನ್ನು ಹಿಂದಕ್ಕೆ ಕಳಿಸಿದರು. ‘ಚಿತ್ರದಾಗಿನ ಬಣ್ಣ ಬ್ಯಾರೆ, ಸೀರಿ ಬಣ್ಣ ಬ್ಯಾರೆ ಅಂತ ಗಿರಾಕಿ ತಕರಾರು’ ಎಂದರು. ಚಿತ್ರ ತೆಗೆದವರು ಅವರ ಕಡೆಯವರೇ. ಆದರೆ ನಷ್ಟವನ್ನು ಮುರಿದುಕೊಂಡದ್ದು ಅಪ್ಪನ ಮಜೂರಿಯಲ್ಲಿ. ನೇಯ್ಗೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಹನ್ನೆರಡು ದಿನಗಳ ದುಡಿಮೆಯು ಒಂದು ಕೆಟ್ಟ ಚಿತ್ರದಿಂದ ಬೆಲೆ ಕಳೆದುಕೊಂಡಿತು. ಅಂದು ರಾತ್ರಿ ಅಪ್ಪ ಊಟ ಮಾಡದೆ ಮಗ್ಗಕ್ಕೆ ಇಳಿದುದನ್ನು ನೋಡಿದೆ. ಈ ವಿದ್ಯೆಯ ಮೇಲೆ ನನಗೆ ಹಟ ಹುಟ್ಟಿದುದು ಆಗ.

ಆದಿತ್ಯವಾರಗಳಲ್ಲಿ ನಾನು ಪೇಟೆಯ ಒಂದು ಸ್ಟುಡಿಯೋದಲ್ಲಿ ಚಿತ್ರಗಳನ್ನು ಕತ್ತರಿಸಿ ಲಕೋಟೆಗೆ ಹಾಕುವ ಕೆಲಸ ಮಾಡುತ್ತೇನೆ. ಅದರ ಮಾಲಿಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಹಿಂದೆ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುತ್ತಿದ್ದ ಕೈ ಅವರದು. ಒಂದು ಸೀರೆಯನ್ನು ಅವರ ಮುಂದಿಟ್ಟು, ‘ಕಾಕಾ, ಈ ಕೆಂಪು ಯಾಕ ಹಿಂಗ ಬರತೈತ್ರಿ?’ ಎಂದು ಕೇಳಿದೆ. ಅವರು ಅರ್ಧ ದಿನ ಅಂಗಡಿಯ ಬಾಗಿಲು ಮುಂದೆಳೆದು ನನಗೆ ಪಾಠ ಹೇಳಿದರು.

ಅವರು ಹೇಳಿದುದರ ಸಾರವಿಷ್ಟು. ಕ್ಯಾಮೆರಾವು ಕೆಂಪು, ಹಸಿರು, ನೀಲಿ ಎಂಬ ಮೂರು ಪಾತ್ರೆಗಳಲ್ಲಿ ಬೆಳಕನ್ನು ತುಂಬಿಕೊಳ್ಳುತ್ತದೆ. ಗಾಢ ಕೆಂಪಿನ ಮುಂದೆ ಕೆಂಪಿನ ಪಾತ್ರೆ ಬೇಗ ತುಂಬಿ ಚೆಲ್ಲುತ್ತದೆ. ಉಳಿದೆರಡು ಅರ್ಧವೂ ತುಂಬಿರುವುದಿಲ್ಲ. ಯಂತ್ರವು ಮೂರರ ಸರಾಸರಿ ನೋಡಿ ‘ಇನ್ನೂ ಬೆಳಕು ಬೇಕು’ ಎಂದುಕೊಳ್ಳುತ್ತದೆ. ಆಗ ಸೆರಗಿನ ಎಳೆಗಳೆಲ್ಲ ಕರಗಿ ಒಂದೇ ಕೆಂಪು ತೇಪೆಯಾಗಿ ಕಾಣುತ್ತವೆ. ಆದುದರಿಂದ ಯಂತ್ರ ಹೇಳಿದುದಕ್ಕಿಂತ ಸ್ವಲ್ಪ ಕಡಿಮೆ ಬೆಳಕು ಕೊಡಬೇಕು. ಇದು ಮೊದಲನೆಯದು. ಕಿಟಕಿಯ ಬೆಳಕನ್ನೂ ದೀಪದ ಬೆಳಕನ್ನೂ ಬೆರೆಸಬಾರದು. ಬೆಳಕಿನ ಬಣ್ಣವನ್ನು ಅಳೆಯುವ ಮಾನಕ್ಕೆ ಕೆಲ್ವಿನ್ ಎನ್ನುತ್ತಾರೆ; ನಡುಹಗಲಿನ ಬಿಸಿಲು ಸುಮಾರು ೫೫೦೦ ಆದರೆ, ಸ್ಟುಡಿಯೋದ ಹಳೆಯ ಟಂಗ್‌ಸ್ಟನ್ ದೀಪವು ೩೨೦೦. ಎರಡೂ ಒಂದೇ ಸೀರೆಯ ಮೇಲೆ ಬಿದ್ದರೆ ಒಂದು ಮಗ್ಗುಲು ನೀಲಿಗೆ, ಇನ್ನೊಂದು ಹಳದಿಗೆ ವಾಲುತ್ತದೆ. ಇದು ಎರಡನೆಯದು. ಸೀರೆಯ ಪಕ್ಕದಲ್ಲಿ ಬೂದುಬಣ್ಣದ ಒಂದು ಕಾರ್ಡನ್ನಿಟ್ಟು ಮೊದಲು ಒಂದು ಚಿತ್ರ ತೆಗೆದುಕೊಂಡರೆ, ಅನಂತರ ಬಣ್ಣವನ್ನು ಅದಕ್ಕೆ ಸರಿದೂಗಿಸಬಹುದು. ಇದು ಮೂರನೆಯದು. ಬೆಳಕು ಎದುರಿನಿಂದ ಬಾರದೆ ಪಕ್ಕದಿಂದ ಬಟ್ಟೆಯನ್ನು ಸವರಿಕೊಂಡು ಹೋಗಬೇಕು. ಆಗ ಎಳೆ ಎಳೆಯೂ ತನ್ನ ನೆರಳಿನಿಂದ ಎದ್ದು ಕಾಣುತ್ತದೆ. ಇದು ನಾಲ್ಕನೆಯದು.

ಹೀಗೆ ತೆಗೆದ ಚಿತ್ರವನ್ನು ಸೀರೆಯ ಪಕ್ಕಕ್ಕೆ ಹಿಡಿದು ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅನಂತರ ಚಿತ್ರದಲ್ಲಿ ಸೆರಗಿನ ಒಂದು ಮೂಲೆಯ ಮೇಲೆ ಬೆರಳಿಟ್ಟು, ‘ಇಲ್ಲಿ ಕೊಂಡಿ ಕಾಣ್ತೈತಿ ನೋಡು’ ಎಂದರು. ಮೆಚ್ಚುಗೆಯ ಮಾತು ಅದಕ್ಕಿಂತ ಹೆಚ್ಚಿಗೆ ಬರಲಿಲ್ಲ. ನನಗೆ ಅದೇ ಸಾಕಾಯಿತು. ಅಂದಿನಿಂದ ನಮ್ಮ ಓಣಿಯ ನಾಲ್ಕಾರು ಮನೆಗಳ ಸೀರೆಗಳನ್ನು ನಾನೇ ಚಿತ್ರಿಸಿ ಕಳಿಸುತ್ತಿದ್ದೇನೆ. ಬಣ್ಣದ ಕಾರಣಕ್ಕಾಗಿ ಈವರೆಗೆ ಯಾವುದೂ ಹಿಂದಕ್ಕೆ ಬಂದಿಲ್ಲ.

ಸೀರೆಯ ಕಥೆ ಹೀಗಾದರೆ ಬೇರೆ ವಸ್ತುಗಳ ಕಥೆಯೂ ಹೀಗೆಯೇ. ಗಾಜಿನ ಸೀಸೆಗೆ ಎದುರಿನಿಂದ ದೀಪ ಹಿಡಿದರೆ ಕಾಣುವುದು ಸೀಸೆಯಲ್ಲ, ದೀಪ. ಬೆಳಕನ್ನು ಸೀಸೆಯ ಹಿಂದಿನ ಬಿಳಿಯ ಪರದೆಗೆ ಬಿಟ್ಟು, ಎರಡೂ ಪಕ್ಕಕ್ಕೆ ಕರಿಯ ರಟ್ಟು ನಿಲ್ಲಿಸಿದರೆ ಸೀಸೆಯ ಅಂಚುಗಳು ಮಸಿಯಿಂದ ಗೀಚಿದಂತೆ ಮೂಡುತ್ತವೆ. ಸ್ಟೀಲಿನ ಕೊಡವಂತೂ ಛಾಯಾಗ್ರಾಹಕನ ಮುಖವನ್ನೇ ಹಿಂದಕ್ಕೆ ತೋರಿಸುತ್ತದೆ. ಅದರ ಸುತ್ತ ಬಿಳಿಯ ಬಟ್ಟೆಯ ಡೇರೆ ಕಟ್ಟಿ, ಸಣ್ಣ ಕಿಂಡಿಯಿಂದ ಚಿತ್ರ ತೆಗೆಯಬೇಕಾಗುತ್ತದೆ. ದೀಪವನ್ನು ಎರಡು ಪಟ್ಟು ದೂರಕ್ಕೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಾಗುತ್ತದೆ. ಇದನ್ನು ಹೈಸ್ಕೂಲಿನ ವಿಜ್ಞಾನದಲ್ಲಿ ಬಾಯಿಪಾಠ ಮಾಡಿದ್ದೆ; ಅರ್ಥವಾದುದು ಸ್ಟುಡಿಯೋದಲ್ಲಿ. ಗುಂಡಿ ಒತ್ತುವುದು ಕೊನೆಯ ಕೆಲಸ. ಅದಕ್ಕಿಂತ ಮೊದಲಿನ ಎರಡು ಗಂಟೆಯೇ ವಿದ್ಯೆ.

ಇದನ್ನು ಎಲ್ಲಿ ಕಲಿಯಬಹುದು? ಮೂರ್ತಿಯವರು ಓದಿದ ಛಾಯಾಗ್ರಹಣದ ಡಿಪ್ಲೊಮಾ ಈಗ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಸರಕಾರಿ ಚಲನಚಿತ್ರ ಸಂಸ್ಥೆಯಲ್ಲಿದೆ. ಅಲ್ಲಿ ಒಲವು ಚಲಚ್ಚಿತ್ರದ ಕಡೆಗೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಬಿ.ಎಫ್.ಎ. ಪದವಿಗೆ ಛಾಯಾಚಿತ್ರ ಮತ್ತು ಪತ್ರಿಕಾ ಛಾಯಾಗ್ರಹಣವನ್ನು ವಿಶೇಷ ವಿಷಯವನ್ನಾಗಿ ಕಲಿಸುತ್ತಾರೆ. ಊಟಿಯಲ್ಲಿ ೨೦೦೧ರಲ್ಲಿ ಆರಂಭವಾದ ಲೈಟ್ ಅಂಡ್ ಲೈಫ್ ಅಕಾಡೆಮಿಯು ವೃತ್ತಿ ಛಾಯಾಗ್ರಹಣಕ್ಕೆಂದೇ ಮೀಸಲಾದ ಖಾಸಗಿ ಶಾಲೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ತನ್ನ ಗಾಂಧಿನಗರದ ಆವರಣದಲ್ಲಿ ಛಾಯಾಗ್ರಹಣ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣ ಕೊಡುತ್ತದೆ. ಅಲ್ಲಿಗೆ ಕಲಾ ಪದವೀಧರರೂ ಅರ್ಜಿ ಹಾಕಬಹುದು. ಎರಡು ಹಂತದ ಪ್ರವೇಶಪರೀಕ್ಷೆಯಿದೆ. ಇವೆಲ್ಲಕ್ಕಿಂತ ಹಳೆಯ ಶಾಲೆ ಇನ್ನೊಂದಿದೆ. ನುರಿತ ಛಾಯಾಗ್ರಾಹಕರ ಕೈಕೆಳಗೆ ಎರಡು ಮೂರು ವರ್ಷ ದೀಪ ಹೊರುವುದು. ಈ ಶಾಲೆಗೆ ಶುಲ್ಕವಿಲ್ಲ; ಸಂಬಳವೂ ಬಹಳವಿರುವುದಿಲ್ಲ.

ಕಲಿತವರಿಗೆ ಬಾಗಿಲುಗಳು ಅನೇಕ. ಬಟ್ಟೆ, ಆಭರಣ, ಆಹಾರ, ಔಷಧಗಳ ಜಾಹೀರಾತು ಮತ್ತು ಕ್ಯಾಟಲಾಗು, ಕಟ್ಟಡ ಮತ್ತು ಹೋಟೆಲುಗಳ ಚಿತ್ರಣ, ಕಾರಖಾನೆಗಳ ವಾರ್ಷಿಕ ವರದಿ, ಸಿನಿಮಾದ ಸ್ಥಿರಚಿತ್ರಣ. ಸರಕಾರದಲ್ಲಿಯೂ ಪುರಾತತ್ತ್ವ ಸರ್ವೇಕ್ಷಣೆ, ವಾರ್ತಾ ಇಲಾಖೆ, ಪೋಲೀಸರ ನ್ಯಾಯವಿಜ್ಞಾನ ಶಾಖೆ, ವಸ್ತುಸಂಗ್ರಹಾಲಯ ಇಲ್ಲೆಲ್ಲ ಛಾಯಾಗ್ರಾಹಕರ ಕೆಲಸವುಂಟು. ಕ್ಯಾಮೆರಾ ಹಿಡಿಯದೆಯೂ ಬಾಳುವವರಿದ್ದಾರೆ: ಚಿತ್ರ ತಿದ್ದುವವರು, ಬೆಳಕು ಜೋಡಿಸುವವರು, ಊಟದ ತಟ್ಟೆಯನ್ನು ಚಿತ್ರಕ್ಕಾಗಿ ಸಿಂಗರಿಸುವವರು. ನಮ್ಮ ಕಾಲೇಜಿನಲ್ಲಿ ಇತಿಹಾಸ ಓದಿದವನು ವಸ್ತುಸಂಗ್ರಹಾಲಯದಲ್ಲಿ ಚಿತ್ರ ತೆಗೆದರೆ, ಅರ್ಥಶಾಸ್ತ್ರ ಓದಿದವಳು ಗಿರಾಕಿಯ ಲೆಕ್ಕ ಅರಿತು ದರ ಹೇಳಿದರೆ, ಬಿ.ಎ. ವ್ಯರ್ಥವಾಯಿತೆಂದು ಹೇಳಲಾಗದು.

ಹೆಣ್ಣುಮಕ್ಕಳಿಗೆ ಇದು ಹೊಂದುವ ಕಸುಬೇ ಎಂದು ಅವ್ವನ ಚಿಂತೆ. ದೀನದಯಾಳರು ೧೮೯೨ರಲ್ಲಿಯೇ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಮಹಿಳೆಗೆ ಒಪ್ಪಿಸಿದ್ದರು. ಹೋಮಾಯಿ ವ್ಯಾರಾವಾಲಾ ಅವರು (೧೯೧೩–೨೦೧೨) ಸೀರೆಯುಟ್ಟು, ಭಾರದ ಕ್ಯಾಮೆರಾ ಹೊತ್ತು, ಸ್ವಾತಂತ್ರ್ಯ ಬಂದ ದಿನಗಳ ದಿಲ್ಲಿಯನ್ನು ಚಿತ್ರಿಸಿದರು. ಮೊದಮೊದಲು ಅವರ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದುವು. ೨೦೧೧ರಲ್ಲಿ ಪದ್ಮವಿಭೂಷಣ ಬಂದುದು ಅವರ ಹೆಸರಿಗೇ. ಇದನ್ನು ಓದಿ ಹೇಳಿದಾಗ ಅವ್ವ, ‘ಸೀರಿ ಉಟಗೊಂಡಿದ್ದಳಾ?’ ಎಂದು ಎರಡು ಸಲ ಕೇಳಿದಳು. ಆ ಮೇಲೆ ಅವಳ ವಿರೋಧ ಅರ್ಧ ಇಳಿದಿದೆ.

ಇನ್ನು ಕಷ್ಟದ ಮಾತು. ಈ ಉದ್ಯೋಗದಲ್ಲಿ ದೊಡ್ಡ ಮನೆಗಳೇ ಉರುಳಿವೆ. ೧೯೭೫ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು ಕಟ್ಟಿದುದು ಕೋಡಕ್ ಕಂಪನಿಯಲ್ಲಿಯೇ. ಅದೇ ಕೋಡಕ್ ೨೦೧೨ರಲ್ಲಿ ದಿವಾಳಿ ಅರ್ಜಿ ಹಾಕಿತು. ೧೮೬೩ರಿಂದ ನಡೆದುಬಂದಿದ್ದ ಕಲಕತ್ತೆಯ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ೨೦೧೬ರಲ್ಲಿ ಮುಚ್ಚಿತು. ‘ಇಂದು’ ಹೆಸರಿನ ಫಿಲ್ಮ್ ಮಾಡುತ್ತಿದ್ದ ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರಖಾನೆಯೂ ನಿಂತಿತು. ಪಾಸಪೋರ್ಟ್ ಸೇವಾ ಕೇಂದ್ರದಲ್ಲಿ ಚಿತ್ರವನ್ನು ಅವರೇ ತೆಗೆದುಕೊಳ್ಳುತ್ತಾರಾಗಿ ಕಾಕಾರ ಗಿರಾಕಿಗಳೂ ಇಳಿದಿದ್ದಾರೆ. ಇದೆಲ್ಲದರ ಮೇಲೆ ಈಗ, ಕ್ಯಾಮೆರಾವೇ ಇಲ್ಲದೆ ಬರಿಯ ಮಾತು ಹೇಳಿದರೆ ಚಿತ್ರ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ೨೦೨೩ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಕಲಾವಿದನು ಇಂಥದೊಂದು ಚಿತ್ರಕ್ಕೆ ಸೋನಿ ಜಾಗತಿಕ ಛಾಯಾಚಿತ್ರ ಸ್ಪರ್ಧೆಯ ಬಹುಮಾನ ಬಂದಾಗ, ಇದು ಛಾಯಾಚಿತ್ರವಲ್ಲವೆಂದು ತಾನೇ ಹೇಳಿ ಬಹುಮಾನವನ್ನು ನಿರಾಕರಿಸಿದನು. ತೀರ್ಪುಗಾರರಿಗೇ ಗುರುತು ಹತ್ತದಿದ್ದರೆ ಗಿರಾಕಿಗೆ ಹತ್ತೀತೆ?

ಈ ಪ್ರಶ್ನೆಯನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋರುವುದು ಹೀಗೆ. ಚೆಲುವಾದ ಒಂದು ಕೆಂಪು ಸೀರೆಯ ಚಿತ್ರವನ್ನು ಯಂತ್ರವು ಬರೆದೀತು. ಆದರೆ ಗಿರಾಕಿ ಕೊಳ್ಳುವುದು ಒಂದು ಕೆಂಪು ಸೀರೆಯನ್ನಲ್ಲ, ಈ ಸೀರೆಯನ್ನು. ನೋಡದೆ ಕೊಳ್ಳುವವನಿಗೆ ಚಿತ್ರವೇ ತಕ್ಕಡಿ. ಇಲ್ಲದ ಹೊಳಪನ್ನು ಚಿತ್ರಕ್ಕೆ ಹಚ್ಚುವುದು ತಕ್ಕಡಿಯ ಕೆಳಗೆ ಅಂಟು ಮೆತ್ತಿದಂತೆ. ಇದ್ದ ಎಳೆಯನ್ನು ಕಾಣದಂತೆ ಮಾಡುವುದು ನೇಕಾರನ ತೂಕ ಕದ್ದಂತೆ. ಯಂತ್ರವು ಈ ಸೀರೆಯನ್ನು ಕಂಡಿಲ್ಲ. ಕಂಡವರು, ಇದು ಹೀಗೆಯೇ ಇದೆ ಎಂದು ಜವಾಬುದಾರಿಯಿಂದ ಹೇಳಬಲ್ಲವರು ಬೇಕಾಗುತ್ತಾರೆ. ಬರಿಯ ಅಂದದ ಚಿತ್ರಕ್ಕೆ ಬೆಲೆ ಇಳಿಯಬಹುದು. ನಂಬಿಕೆಯ ಚಿತ್ರಕ್ಕೆ ಇಳಿಯಲಾರದು. ಇದು ನನ್ನ ಆಸೆಯೋ ಅನುಮಾನಪ್ರಮಾಣವೋ ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಈ ಮಾರ್ಗಕ್ಕೆ ಬರುವವರು ಕಾಯದೆಯನ್ನೂ ಸ್ವಲ್ಪ ತಿಳಿದಿರಬೇಕು. ೧೯೫೭ರ ಕೃತಿಸ್ವಾಮ್ಯ ಕಾಯದೆಯ ೧೭ನೆಯ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟವರದೇ ಆಗುತ್ತದೆ. ಆದುದರಿಂದ ಕರಾರನ್ನು ಮೊದಲೇ ಬರೆದುಕೊಳ್ಳಬೇಕು. ತನ್ನಲ್ಲಿಯೇ ಉಳಿದ ಹಕ್ಕಾದರೆ, ೨೦೧೨ರ ತಿದ್ದುಪಡಿಯ ಅನಂತರ, ಅದು ಛಾಯಾಗ್ರಾಹಕನ ಜೀವಿತಕಾಲಕ್ಕೂ ಆ ಮೇಲೆ ೬೦ ವರ್ಷಕ್ಕೂ ಬಾಳುತ್ತದೆ. ಅಪ್ಪನ ಮಜೂರಿಗೆ ಯಾವ ಕರಾರೂ ಇರಲಿಲ್ಲ. ಈ ಕಲಮನ್ನು ನಾನು ಎರಡು ಸಲ ಓದಿದುದು ಅದಕ್ಕಾಗಿ.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಪದವಿಯ ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ ನನ್ನದು. ಆ ವರ್ಷದಲ್ಲಿ ವಿನ್ಯಾಸ ಸಂಸ್ಥೆಯ ಪ್ರವೇಶಪರೀಕ್ಷೆಗೆ ಕೂಡುತ್ತೇನೆ. ಜೊತೆಗೆ ಬೆಂಗಳೂರಿನಲ್ಲಿ ಯಾರಾದರೂ ಛಾಯಾಗ್ರಾಹಕರ ಹತ್ತಿರ ದೀಪ ಹೊರುತ್ತೇನೆ. ಫಲಿಸದಿದ್ದರೆ ಬಿ.ಎಡ್. ಅರ್ಜಿ ತುಂಬಬೇಕು. ತಮ್ಮನ ಪಿ.ಯು.ಸಿ. ಮುಗಿಯುವುದೂ ಅದೇ ವರ್ಷ. ಎರಡು ಮಗ್ಗಗಳು ಇಬ್ಬರ ಶಿಕ್ಷಣವನ್ನು ಒಟ್ಟಿಗೆ ಎಳೆಯಲಾರವು. ಅವಧಿ ಚಿಕ್ಕದು, ಆದರೆ ನ್ಯಾಯವಾದುದು. ಅಪ್ಪ ಇದಕ್ಕೆ ಒಪ್ಪಿದುದೇ ದೊಡ್ಡ ಮಾತು.

ನಮ್ಮ ಮಹಾವಿದ್ಯಾಲಯದಲ್ಲಿ ಕುಂಬಾರರ, ಕಂಬಾರರ, ಬಡಿಗರ, ನೇಕಾರರ ಮನೆಗಳಿಂದ ಬಂದವರು ಅನೇಕರಿದ್ದೇವೆ. ನಮ್ಮ ಮನೆಗಳಲ್ಲಿ ತಯಾರಾಗುವ ಒಂದೊಂದು ವಸ್ತುವಿಗೂ ಇಂದು ಒಂದು ಒಳ್ಳೆಯ ಚಿತ್ರ ಬೇಕಾಗಿದೆ. ಕೈಯಲ್ಲಿ ಮೊಬೈಲು ಹೇಗೂ ಇದೆ. ಬೂದುಬಣ್ಣದ ಒಂದು ಕಾರ್ಡು, ಒಂದು ಬಿಳಿಯ ಪಂಚೆ, ಉತ್ತರಕ್ಕೆ ತೆರೆದ ಒಂದು ಕಿಟಕಿ ಇಷ್ಟು ಸಿಕ್ಕರೆ ಪಾಠ ಆರಂಭವಾಗುತ್ತದೆ. ನನ್ನ ಕಿರಿಯ ಸಹೋದರ ಸಹೋದರಿಯರಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ, ಪರೀಕ್ಷೆ ಮುಗಿಯುವವರೆಗೆ ಪ್ರತಿ ಶನಿವಾರ ಮಧ್ಯಾಹ್ನ ನಾನು ಗ್ರಂಥಾಲಯದ ಉತ್ತರದ ಕಿಟಕಿಯ ಹತ್ತಿರ ಕುಳಿತಿರುತ್ತೇನೆ. ಮನೆಯಲ್ಲಿ ಮಾಡಿದ ಒಂದು ವಸ್ತುವನ್ನು ತೆಗೆದುಕೊಂಡು ಬರಬೇಕು.